ಕಾರ್ಲಾ ವಿಲಿಯಮ್ಸ್

ಅಮೆರಿಕದ ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ, ಕ್ರೀಡಾ ಆಡಳಿತಗಾರ್ತಿ. 2017ರ ಅಕ್ಟೋಬರ್‌ನಲ್ಲಿ ಷಾರ್ಲಟ್ಸ್‌ವಿಲ್‌ನ ವರ್ಜೀನಿಯಾ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕಿಯಾಗಿ ಆಯ್ಕೆಯಾದರು. ಆ ದೇಶದ ಆಗಿನ ಐದು ಬಲಾಢ್ಯ ಕಾಲೇಜು ಕ್ರೀಡಾ ಒಕ್ಕೂಟಗಳ ಯಾವುದೇ ವಿಶ್ವವಿದ್ಯಾಲಯದಲ್ಲಿ ಈ ಹುದ್ದೆಗೇರಿದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆ ಇವರು.

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡವರಿಗೆ ಈ ಹುದ್ದೆಯ ವ್ಯಾಪ್ತಿ ಬೇಗ ಹೊಳೆಯದು. ನಮ್ಮಲ್ಲಿ ನಿರ್ದೇಶಕರೇ ಸೀಟಿ ಹಿಡಿದು ಮೈದಾನಕ್ಕಿಳಿಯುತ್ತಾರೆ, ತಂಡ ಆರಿಸುತ್ತಾರೆ, ಅಂತರ ಕಾಲೇಜು ಪಂದ್ಯಗಳಿಗೆ ಹುಡುಗರನ್ನು ಕರೆದೊಯ್ಯುತ್ತಾರೆ. ಅಲ್ಲಿನವರು ತರಬೇತಿ ಕೊಡುವುದಿಲ್ಲ. ಕೋಚ್‌ಗಳನ್ನು ನೇಮಿಸುವುದು, ಬೇಡವಾದಾಗ ಬಿಡಿಸುವುದು, ದೇಣಿಗೆ ಎತ್ತುವುದು, ಕ್ರೀಡಾಂಗಣ ಕಟ್ಟಿಸುವುದು ಅವರ ಪಾಲಿನ ಕೆಲಸ.

ವಿಲಿಯಮ್ಸ್ ಜಾರ್ಜಿಯಾ ರಾಜ್ಯದ ಲಾಗ್ರೇಂಜ್‌ನವರು. ಮದುವೆಗೆ ಮುಂಚಿನ ಹೆಸರು ಕಾರ್ಲಾ ಗ್ರೀನ್. 1980ರ ದಶಕದ ಕೊನೆಗೆ ಜಾರ್ಜಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆಂಡಿ ಲ್ಯಾಂಡರ್ಸ್ ಕೈಕೆಳಗೆ ಗಾರ್ಡ್ ಆಗಿ ಆಡಿದರು. ಮುಂದೆ ಅದೇ ತಂಡಕ್ಕೆ ಸಹಾಯಕ ಕೋಚ್ ಆದರು. 1996ರಲ್ಲಿ ತಂಡ ರಾಷ್ಟ್ರೀಯ ಫೈನಲ್ ತಲುಪಿ ಟೆನೆಸಿಗೆ ಸೋತಾಗ ಅವರು ಆ ಬಳಗದಲ್ಲಿದ್ದರು. ಮುಖ್ಯ ಕೋಚ್ ಆಗುವ ದಾರಿ ಎದುರಿಗೇ ಇದ್ದರೂ ಆಡಳಿತದತ್ತ ಹೊರಳಿದರು. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ವಾಂಡರ್‌ಬಿಲ್ಟ್‌ನಲ್ಲಿ ಕೆಲಸ ಮಾಡಿ, 2004ರಲ್ಲಿ ಜಾರ್ಜಿಯಾಕ್ಕೆ ಮರಳಿದರು; ಅಲ್ಲಿ ಉಪ ಕ್ರೀಡಾ ನಿರ್ದೇಶಕಿಯ ಸ್ಥಾನದವರೆಗೆ ಏರಿದರು.

ವರ್ಜೀನಿಯಾದಲ್ಲಿ ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಕ್ರೇಗ್ ಲಿಟಲ್‌ಪೇಜ್ ಕೂಡ ಬ್ಯಾಸ್ಕೆಟ್‌ಬಾಲ್ ಆಡಿ ಬಂದವರೇ. ಹೊಸ ನಿರ್ದೇಶಕಿಗೆ ಮೊದಲ ವರ್ಷವೇ ಮುಖಭಂಗ ಕಾದಿತ್ತು. 2018ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಟೂರ್ನಿಯಲ್ಲಿ ಅಗ್ರ ಶ್ರೇಯಾಂಕದ ವರ್ಜೀನಿಯಾ ಪುರುಷರ ತಂಡ, 16ನೇ ಶ್ರೇಯಾಂಕದ ಮೇರಿಲ್ಯಾಂಡ್-ಬಾಲ್ಟಿಮೋರ್ ಕೌಂಟಿ ತಂಡಕ್ಕೆ 74–54ರಿಂದ ಸೋತಿತು. ಪುರುಷರ ಟೂರ್ನಿಯಲ್ಲಿ ಅಗ್ರ ಶ್ರೇಯಾಂಕದ ತಂಡವೊಂದು ಹೀಗೆ ಸೋತದ್ದು ಅದೇ ಮೊದಲು. ಕೋಚ್ ಟೋನಿ ಬೆನೆಟ್ ಸ್ಥಾನ ಅಲುಗಲಿಲ್ಲ. ಮರುವರ್ಷ ಅದೇ ಬೆನೆಟ್ ತಂಡ ಟೆಕ್ಸಸ್ ಟೆಕ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 85–77ರಿಂದ ಗೆದ್ದು ಚಾಂಪಿಯನ್ ಆಯಿತು. 2024ರ ಅಕ್ಟೋಬರ್‌ನಲ್ಲಿ ಬೆನೆಟ್ ಹಠಾತ್ತನೆ ನಿವೃತ್ತಿ ಘೋಷಿಸಿದರು. 2025ರಲ್ಲಿ ಆ ಜಾಗಕ್ಕೆ ವಿಲಿಯಮ್ಸ್ ತಂದದ್ದು ರಯಾನ್ ಓಡಮ್ ಅವರನ್ನು. 2018ರಲ್ಲಿ ವರ್ಜೀನಿಯಾವನ್ನು ಮಣಿಸಿದ ತಂಡದ ಕೋಚ್ ಅವರೇ!

ಎಲ್ಲ ನೇಮಕಗಳೂ ಕೈಹಿಡಿಯಲಿಲ್ಲ. ವೃತ್ತಿಪರ ಮಹಿಳಾ ಬ್ಯಾಸ್ಕೆಟ್‌ಬಾಲಿನ ದಿಗ್ಗಜೆ ಟೀನಾ ಥಾಂಪ್ಸನ್ ಅವರನ್ನು 2018ರಲ್ಲಿ ಮಹಿಳಾ ತಂಡಕ್ಕೆ ಕರೆತಂದು, ಸೋಲುಗಳು ಹೆಚ್ಚಿದ ಮೇಲೆ 2022ರಲ್ಲಿ ಬಿಡಿಸಬೇಕಾಯಿತು. ಈಜಿನ ಕಥೆ ಬೇರೆ: 2021ರಿಂದ 2025ರವರೆಗೆ ಮಹಿಳಾ ತಂಡ ಸತತ ಐದು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆದರೂ ಬೆನೆಟ್ ಗೆಲುವಿಗೆ ಸಿಕ್ಕ ಪ್ರಚಾರದ ಕಾಲುಭಾಗವೂ ಇದಕ್ಕೆ ದಕ್ಕಲಿಲ್ಲ ಎನ್ನಬಹುದು.

ವಿಲಿಯಮ್ಸ್ ಅವಧಿಯಲ್ಲೇ, 2022ರ ನವೆಂಬರ್ 13ರ ರಾತ್ರಿ ವಿದ್ಯಾರ್ಥಿ ಪ್ರವಾಸ ಮುಗಿಸಿ ಮರಳಿದ ಬಸ್ಸಿನಲ್ಲಿ ಗುಂಡಿನ ದಾಳಿ ನಡೆದು ವಿಶ್ವವಿದ್ಯಾಲಯದ ಮೂವರು ಫುಟ್‌ಬಾಲ್ ಆಟಗಾರರು ಹತರಾದರು. ಋತುವಿನ ಉಳಿದೆರಡು ಪಂದ್ಯಗಳನ್ನು ಕೈಬಿಡಲಾಯಿತು.

2025ರ ಜುಲೈಯಿಂದ ನ್ಯಾಯಾಲಯ ಒಪ್ಪಿದ ರಾಜಿಯಂತೆ ಅಮೆರಿಕದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಮೊದಲ ವರ್ಷದ ಮಿತಿ ಪ್ರತಿ ಸಂಸ್ಥೆಗೆ ಸುಮಾರು 2.05 ಕೋಟಿ ಡಾಲರ್. ವಿಲಿಯಮ್ಸ್ ಆಡುತ್ತಿದ್ದ ಕಾಲದಲ್ಲಿ ಆಟಗಾರರಿಗೆ ಸಿಗುತ್ತಿದ್ದುದು ವಿದ್ಯಾರ್ಥಿವೇತನ ಮಾತ್ರ.