ಲೋಹಶೋಧಕ: ಸುರುಳಿಯ ಅಳತೆ, ಬೀಸಿನ ವೇಗ

ವಿಮಾನ ನಿಲ್ದಾಣದಲ್ಲೋ ಮೆಟ್ರೊ ನಿಲ್ದಾಣದಲ್ಲೋ ಕಾವಲು ಸಿಬ್ಬಂದಿ ನಿಮ್ಮ ಮೈಯ ಹತ್ತಿರ ಕೋಲಿನಂಥ ಒಂದು ಉಪಕರಣವನ್ನು ಆಡಿಸುವುದನ್ನು ನೀವು ನೋಡಿದ್ದೀರಿ. ಜೇಬಿನಲ್ಲಿ ಬೀಗದ ಕೈ ಇದ್ದರೆ ಅದು ಕೂಗುತ್ತದೆ. ಇಲ್ಲದಿದ್ದರೆ ಸುಮ್ಮನಿರುತ್ತದೆ. ಇದೇ ಜಾತಿಯ ಉಪಕರಣವನ್ನು ಉದ್ದನೆಯ ಹಿಡಿಗೆ ಕಟ್ಟಿ, ತುದಿಯಲ್ಲಿ ತಟ್ಟೆಯಂಥ ಸುರುಳಿ ಜೋಡಿಸಿ, ಸಮುದ್ರ ತೀರದ ಮರಳಿನ ಮೇಲೆ ಬೀಸುತ್ತಾ ನಡೆಯುವ ಹವ್ಯಾಸಿಗಳು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಬಹಳ ಮಂದಿ ಇದ್ದಾರೆ. ಅವರೆಲ್ಲರಿಗೂ ಎದುರಾಗುವ ಪ್ರಶ್ನೆಗಳು ಎರಡು: ಸುರುಳಿ ಎಷ್ಟು ದೊಡ್ಡದಿರಬೇಕು? ಅದನ್ನು ಎಷ್ಟು ವೇಗವಾಗಿ ಬೀಸಬೇಕು?

ಹವ್ಯಾಸದ ಮಾತಾಗಿ ಕಾಣುವ ಈ ಪ್ರಶ್ನೆಗಳ ಹಿಂದೆ ಸುಮಾರು ನೂರನಲವತ್ತು ವರ್ಷಗಳ ಇತಿಹಾಸವಿದೆ. ಒಬ್ಬ ಅಧ್ಯಕ್ಷರ ಸಾವು, ಒಂದು ಮಹಾಯುದ್ಧ, ಮರಳಿನಡಿ ಹೂತಿದ್ದ ಒಂದು ನೌಕಾಪಡೆ ಎಲ್ಲವೂ ಅದರಲ್ಲಿ ಸೇರಿವೆ. ಈ ಇತಿಹಾಸವನ್ನು ಓದುವಾಗ ನೀವು ಒಂದು ಮಾತನ್ನು ನೆನಪಿನಲ್ಲಿಡಬೇಕು: ಉಪಕರಣ ಸುಮ್ಮನಿದೆ ಎಂದಮಾತ್ರಕ್ಕೆ ಅಲ್ಲಿ ಏನೂ ಇಲ್ಲವೆಂದು ಅರ್ಥವಲ್ಲ.

1881ರ ಜುಲೈ 2ರಂದು ವಾಷಿಂಗ್ಟನ್ ನಗರದ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರ ಮೇಲೆ ಗುಂಡಿನ ದಾಳಿ ನಡೆಯಿತು. ಒಂದು ಗುಂಡು ದೇಹದೊಳಗೇ ಉಳಿಯಿತು. ಎಕ್ಸ್-ಕಿರಣ ಪತ್ತೆಯಾಗಲು ಇನ್ನೂ 14 ವರ್ಷಗಳಿದ್ದ ಕಾಲ ಅದು. ಗುಂಡು ಎಲ್ಲಿದೆ ಎಂದು ಕಂಡುಹಿಡಿಯಲು ಮುಂದೆ ಬಂದವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ಡೇವಿಡ್ ಹ್ಯೂಸ್ ಎಂಬ ವಿಜ್ಞಾನಿ 1879ರಲ್ಲಿ ರೂಪಿಸಿದ್ದ ಪ್ರೇರಣ ತಕ್ಕಡಿಯನ್ನು ಅವರು ಈ ಕೆಲಸಕ್ಕೆ ಹೊಂದಿಸಿದರು.

ಅದರ ತತ್ವವನ್ನು ನೀವು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ತಂತಿಯ ಸುರುಳಿಯಲ್ಲಿ ಬದಲಾಗುತ್ತಿರುವ ವಿದ್ಯುತ್ ಹರಿದರೆ ಅದರ ಸುತ್ತ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಕ್ಷೇತ್ರದೊಳಗೆ ಲೋಹದ ತುಂಡೊಂದು ಬಂದರೆ ಅದರಲ್ಲಿ ಸುಳಿಯಂಥ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆ ಸುಳಿ ಪ್ರವಾಹ ತನ್ನದೇ ಒಂದು ಕಿರು ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ. ಇನ್ನೊಂದು ಸುರುಳಿ ಅದನ್ನು ಹಿಡಿದು ಕಿವಿಗೆ ಸದ್ದಾಗಿ ಮುಟ್ಟಿಸುತ್ತದೆ. ಫ್ಯಾರಡೆ 1831ರಲ್ಲಿ ಕಂಡ ಪ್ರೇರಣೆಯೇ ಇದು.

ಬೆಲ್ ಎರಡು ಬಾರಿ, ಜುಲೈ 26 ಮತ್ತು ಆಗಸ್ಟ್ 1ರಂದು, ಗಾರ್ಫೀಲ್ಡ್ ಅವರನ್ನು ಪರೀಕ್ಷಿಸಿದರು. ಎರಡೂ ಬಾರಿ ಪ್ರಯತ್ನ ಫಲಿಸಲಿಲ್ಲ. ಹಾಸಿಗೆಯಲ್ಲಿದ್ದ ಉಕ್ಕಿನ ತಂತಿಗಳು ಉಪಕರಣವನ್ನು ಗೊಂದಲಕ್ಕೀಡು ಮಾಡಿದವು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಗುಂಡು ದೇಹದ ಬಲಭಾಗದಲ್ಲಿದೆ ಎಂದು ಮುಖ್ಯ ವೈದ್ಯ ವಿಲ್ಲರ್ಡ್ ಬ್ಲಿಸ್ ನಂಬಿದ್ದರು. ಹುಡುಕಾಟಕ್ಕೆ ಅವಕಾಶ ಸಿಕ್ಕಿದ್ದು ಆ ಭಾಗದಲ್ಲಿ ಮಾತ್ರ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿದ್ದು ಎಡಭಾಗದಲ್ಲಿ. ಸುರುಳಿ ಹೋಗದ ಜಾಗದ ಬಗ್ಗೆ ಸುರುಳಿ ಏನನ್ನು ತಾನೇ ಹೇಳೀತು?

ಮುಂದಿನ ಹೆಜ್ಜೆ ಸಂಚಾರಿ ಉಪಕರಣದ್ದು. ಜರ್ಮನಿಯಿಂದ ಅಮೆರಿಕಕ್ಕೆ ಬಂದು ನೆಲೆಸಿದ್ದ ಗೆರ್ಹಾರ್ಡ್ ಫಿಷರ್ ವಿಮಾನಗಳಿಗೆ ದಿಕ್ಕು ತೋರಿಸುವ ರೇಡಿಯೊ ಉಪಕರಣಗಳ ಮೇಲೆ ಕೆಲಸ ಮಾಡುತ್ತಿದ್ದರು. ಲೋಹದ ವಸ್ತುಗಳು ಹತ್ತಿರವಿದ್ದಾಗ ದಿಕ್ಕಿನ ಸೂಚನೆ ತಪ್ಪುವುದನ್ನು ಅವರು ಗಮನಿಸಿದರು. ದೋಷವೆಂದು ಬೇರೆಯವರು ಬಿಟ್ಟುಬಿಡಬಹುದಾಗಿದ್ದ ಸಂಗತಿಯನ್ನೇ ಅವರು ಉಪಕರಣವನ್ನಾಗಿ ಮಾಡಿ 1937ರಲ್ಲಿ ಪೇಟೆಂಟ್ ಪಡೆದರು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಪೋಲೆಂಡ್ ಶತ್ರುವಶವಾದ ಮೇಲೆ ಅಲ್ಲಿನ ಸೈನಿಕರು ಅನೇಕರು ಸ್ಕಾಟ್ಲೆಂಡಿನಲ್ಲಿ ನೆಲೆ ನಿಂತು ಹೋರಾಟ ಮುಂದುವರಿಸಿದ್ದರು. ಅವರಲ್ಲಿ ಎಂಜಿನಿಯರ್ ಯೂಜೆಫ್ ಕೊಸಾಟ್ಸ್ಕಿ ಒಬ್ಬರು. 1941-42ರ ಚಳಿಗಾಲದಲ್ಲಿ ಅವರು ಒಬ್ಬ ಸೈನಿಕ ಹೊತ್ತು ನಡೆಯಬಹುದಾದ ನೆಲಬಾಂಬು ಶೋಧಕವನ್ನು ರೂಪಿಸಿದರು. ಅದರ ತೂಕ 14 ಕಿಲೊಗ್ರಾಮಿಗಿಂತ ಕಡಿಮೆ. ಹಿಡಿಯ ತುದಿಯಲ್ಲಿ ಎರಡು ಸುರುಳಿಗಳು. ಒಂದು ಸಂಕೇತ ಕಳಿಸಲು, ಇನ್ನೊಂದು ಕೇಳಿಸಿಕೊಳ್ಳಲು. ಕೊಸಾಟ್ಸ್ಕಿ ಇದಕ್ಕೆ ಪೇಟೆಂಟ್ ಪಡೆಯದೆ ಬ್ರಿಟಿಷ್ ಸೇನೆಗೆ ಉಚಿತವಾಗಿ ಕೊಟ್ಟರು.

1942ರ ಅಕ್ಟೋಬರ್ 23ರ ರಾತ್ರಿ ಈಜಿಪ್ಟಿನ ಎಲ್ ಅಲಮೈನ್‌ನಲ್ಲಿ ಯುದ್ಧ ಆರಂಭವಾದಾಗ ಇಂಥ 500 ಉಪಕರಣಗಳು ಅಲ್ಲಿಗೆ ತಲುಪಿದ್ದವು. ಎದುರಿಗಿದ್ದ ಮರಳಿನಲ್ಲಿ ಲಕ್ಷಾಂತರ ನೆಲಬಾಂಬುಗಳು. ಸೈನಿಕರು ಅದುವರೆಗೆ ಬಯೊನೆಟ್ಟಿನ ಮೊನೆಯಿಂದ ಮರಳನ್ನು ಚುಚ್ಚಿ ಚುಚ್ಚಿ ದಾರಿ ಮಾಡಬೇಕಿತ್ತು. ಹೊಸ ಶೋಧಕ ಬಂದ ಮೇಲೆ ಗಂಟೆಗೆ 100 ಚದರ ಮೀಟರ್ ಇದ್ದ ಕೆಲಸ 200 ಚದರ ಮೀಟರಿಗೆ ಏರಿತು.

ಈ ಅಂಕಿಯನ್ನು ಸ್ವಲ್ಪ ನಿಂತು ನೋಡಿ. ಗಂಟೆಗೆ 200 ಚದರ ಮೀಟರ್ ಎಂದರೆ 2 ಮೀಟರ್ ಅಗಲದ ದಾರಿಯಲ್ಲಿ ಗಂಟೆಗೆ 100 ಮೀಟರ್, ಅಂದರೆ ನಿಮಿಷಕ್ಕೆ ಎರಡು ಮೀಟರಿಗೂ ಕಡಿಮೆ. ಹಿಂದಿನಿಂದ ಟ್ಯಾಂಕುಗಳು ಕಾಯುತ್ತಿವೆ, ಎದುರಿನಿಂದ ಗುಂಡು ಬರುತ್ತಿದೆ. ಆದರೂ ಕೈ ಅವಸರಪಡುವಂತಿಲ್ಲ. ಇಲ್ಲಿ ಬೀಸಿನ ವೇಗವೆಂಬುದು ಪ್ರಾಣದ ಪ್ರಶ್ನೆ.

ಶತ್ರುವೂ ಸುಮ್ಮನಿರಲಿಲ್ಲ. ಜರ್ಮನರು ಮರದ ಪೆಟ್ಟಿಗೆಯ ನೆಲಬಾಂಬುಗಳನ್ನು ಹೂಳಿದರು. ಅದರಲ್ಲಿ ಲೋಹ ತೀರಾ ಕಡಿಮೆ. ಶೋಧಕ ಬಹುಮಟ್ಟಿಗೆ ಮೂಕವಾಯಿತು. 1944ರ ಫೆಬ್ರವರಿ 24ರಂದು ಇಟಲಿಯಲ್ಲಿ ನೆಲಬಾಂಬು ತೆರವು ಮಾಡುತ್ತಿದ್ದಾಗ ಒಂದು ಬಾಂಬು ಕಾಲಿಗೆ ಸಿಕ್ಕಿ ಚಾಲೂ ಆಯಿತು. ಸಿಡಿಯಲು ಉಳಿದಿದ್ದ ಕೆಲವೇ ಕ್ಷಣಗಳಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯ ಸುಬೇದಾರ್ ಸುಬ್ರಮಣಿಯನ್ ಅದರ ಮೇಲೆ ಮೈಚಾಚಿ ಬಿದ್ದು ಜೊತೆಗಾರರನ್ನು ಉಳಿಸಿದರು. ಮರಣೋತ್ತರವಾಗಿ ಅವರಿಗೆ ಜಾರ್ಜ್ ಕ್ರಾಸ್ ಪದಕ ಸಂದಿತು. ಆ ಪಡೆಯ ಕೇಂದ್ರ ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಬಳಿಯಲ್ಲೇ ಇದೆ.

ಯುದ್ಧ ಮುಗಿಯಿತು. ಸೇನೆಗೆ ಬೇಡವಾದ ಸಾವಿರಾರು ಶೋಧಕಗಳು ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದವು. ಸಮುದ್ರ ತೀರದ ಕಥೆ ಆರಂಭವಾಗುವುದು ಇಲ್ಲಿಂದ.

ಅಮೆರಿಕದ ಫ್ಲಾರಿಡದಲ್ಲಿ ಮನೆ ಕಟ್ಟಿಸುವ ಕೆಲಸದಲ್ಲಿದ್ದ ಕಿಪ್ ವ್ಯಾಗ್ನರ್ ಅವರಿಗೆ ಬಿರುಗಾಳಿಯ ನಂತರ ತೀರದಲ್ಲಿ ಹಳೆಯ ಬೆಳ್ಳಿ ನಾಣ್ಯಗಳು ಸಿಗುತ್ತಿದ್ದವು. ಇಸವಿ ಓದಲು ಬರುತ್ತಿದ್ದ ನಾಣ್ಯಗಳನ್ನು ಅವರು ಸಾಲಾಗಿ ಇಟ್ಟು ನೋಡಿದರು. 1715ರ ನಂತರದ ಒಂದು ನಾಣ್ಯವೂ ಅದರಲ್ಲಿರಲಿಲ್ಲ. ಚರಿತ್ರೆಯ ವಿದ್ಯಾರ್ಥಿಗಳು ಮೆಚ್ಚಬೇಕಾದ ತರ್ಕ ಇದು. ಒಂದು ನಾಣ್ಯ ಹೇಳದ ಮಾತನ್ನು ನಾಣ್ಯಗಳ ಗುಂಪು ಹೇಳಿತು. 1715ರ ಜುಲೈ ಕೊನೆಯಲ್ಲಿ, ಹವಾನಾದಿಂದ ಸ್ಪೇನಿಗೆ ಬೆಳ್ಳಿ ಬಂಗಾರ ಹೊತ್ತು ಹೊರಟಿದ್ದ 12 ಹಡಗುಗಳ ತಂಡ ಚಂಡಮಾರುತಕ್ಕೆ ಸಿಕ್ಕಿ, ಅದರಲ್ಲಿ 11 ಹಡಗುಗಳು ಈ ತೀರದಲ್ಲೇ ಒಡೆದುಹೋಗಿದ್ದವು. ವ್ಯಾಗ್ನರ್ ಅವರ ಸ್ನೇಹಿತರಾದ ಡಾಕ್ಟರ್ ಕೆಲ್ಸೊ ಗ್ರಂಥಾಲಯಗಳಲ್ಲಿ ಹುಡುಕಿ ಇದಕ್ಕೆ ಆಧಾರ ತಂದರು.

ಆಮೇಲೆ ವ್ಯಾಗ್ನರ್ 15 ಡಾಲರಿಗೆ ಸೇನೆಯ ಹಳೆಯ ನೆಲಬಾಂಬು ಶೋಧಕವೊಂದನ್ನು ಕೊಂಡರು. ಅದನ್ನು ಹಿಡಿದು ತೀರದ ದಿಬ್ಬಗಳ ಮೇಲೆ ನಡೆದು, ಬದುಕುಳಿದ ಸ್ಪೇನಿನವರು ಮುಳುಗಿದ ಸಂಪತ್ತನ್ನು ಎತ್ತಲು ಬೀಡುಬಿಟ್ಟಿದ್ದ ಜಾಗವನ್ನು ಪತ್ತೆ ಮಾಡಿದರು. ಇಂದು ಅಲ್ಲಿ ಒಂದು ವಸ್ತುಸಂಗ್ರಹಾಲಯವಿದೆ. ಮನುಷ್ಯರನ್ನು ಕೊಲ್ಲುವ ಬಾಂಬನ್ನು ಹುಡುಕಲು ಹುಟ್ಟಿದ ಉಪಕರಣ, ಸತ್ತವರ ಚರಿತ್ರೆಯನ್ನು ಹುಡುಕಲು ನೆರವಾಯಿತು.

ಈಗ ನಮ್ಮ ಎರಡು ಪ್ರಶ್ನೆಗಳಿಗೆ ಬರೋಣ. ಮೊದಲು ಸುರುಳಿಯ ಅಳತೆ. ಎರಡು ಸುರುಳಿಗಳನ್ನು ಊಹಿಸಿಕೊಳ್ಳಿ: ಒಂದರ ವ್ಯಾಸ 14 ಸೆಂ.ಮೀ., ಇನ್ನೊಂದರದು 28 ಸೆಂ.ಮೀ. ಸುತ್ತುಗಳೂ ವಿದ್ಯುತ್ತೂ ಎರಡಕ್ಕೂ ಸಮ ಎನ್ನಿ. ಸುರುಳಿಯ ನಡುಮಧ್ಯದಲ್ಲಿ ಚಿಕ್ಕದರ ಕಾಂತಕ್ಷೇತ್ರವೇ ಎರಡು ಪಟ್ಟು ಬಲವಾಗಿರುತ್ತದೆ. ಆದರೆ ನೇರ ಕೆಳಗೆ 20 ಸೆಂ.ಮೀ. ಆಳಕ್ಕೆ ಇಳಿದರೆ ಲೆಕ್ಕ ತಿರುಗಿಬೀಳುತ್ತದೆ: ಅಲ್ಲಿ ದೊಡ್ಡದರ ಕ್ಷೇತ್ರ ಸುಮಾರು ಎರಡೂವರೆ ಪಟ್ಟು ಹೆಚ್ಚು. ಭೌತವಿಜ್ಞಾನ ಓದುವವರು ವೃತ್ತಾಕಾರದ ಸುರುಳಿಯ ಸೂತ್ರವನ್ನು ಬಳಸಿ ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು.

ಆದ್ದರಿಂದ ದೊಡ್ಡ ಸುರುಳಿ ಆಳಕ್ಕೆ ನೋಡುತ್ತದೆ, ಹೆಚ್ಚು ನೆಲವನ್ನೂ ಬಳಸುತ್ತದೆ. ಆದರೆ ಅದು ಸಣ್ಣ ಉಂಗುರವನ್ನೋ ಕಿವಿಯೋಲೆಯನ್ನೋ ಗಮನಿಸದೆ ಹೋಗಬಹುದು. ಅಕ್ಕಪಕ್ಕದಲ್ಲಿರುವ ತುಕ್ಕು ಮೊಳೆ ಮತ್ತು ನಾಣ್ಯವನ್ನು ಒಂದೇ ವಸ್ತುವೆಂದು ತಿಳಿದುಬಿಡುತ್ತದೆ. ಚಿಕ್ಕ ಸುರುಳಿ ಇವೆರಡನ್ನೂ ಬೇರೆ ಬೇರೆಯಾಗಿ ಹೇಳುತ್ತದೆ, ಆದರೆ ಆಳಕ್ಕೆ ಹೋಗದು. ಅಲೆಗಳು ತೊಳೆದ, ಕಸ ಕಡಿಮೆ ಇರುವ ವಿಶಾಲ ಮರಳಿಗೆ ದೊಡ್ಡದು. ಜನ ಕೂತು ಎದ್ದು ಬಾಟಲಿ ಮುಚ್ಚಳ ಚೆಲ್ಲಿದ ಒಣ ಮರಳಿಗೆ ಚಿಕ್ಕದು ಎಂಬುದು ಅನುಭವಿಗಳ ರೂಢಿ.

ಎರಡನೆಯದು ಬೀಸಿನ ವೇಗ. ಟೆಲಿವಿಷನ್ ಕ್ಯಾಮೆರಾವನ್ನು ಒಂದು ಸಭೆಯ ಮೇಲೆ ಜೋರಾಗಿ ತಿರುಗಿಸಿದರೆ ತೆರೆಯ ಮೇಲೆ ಮುಖಗಳೆಲ್ಲ ಕಲಸಿಹೋಗುತ್ತವೆ. ಸುರುಳಿಯೂ ಹಾಗೆಯೇ. ಒಂದೂವರೆ ಮೀಟರ್ ಅಗಲವನ್ನು 3 ಸೆಕೆಂಡಿನಲ್ಲಿ ಬೀಸಿದರೆ 28 ಸೆಂ.ಮೀ. ಸುರುಳಿ ಒಂದು ನಾಣ್ಯದ ಮೇಲೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಇರುತ್ತದೆ. ಒಂದೇ ಸೆಕೆಂಡಿನಲ್ಲಿ ಬೀಸಿದರೆ ಸೆಕೆಂಡಿನ ಐದನೆಯ ಒಂದು ಭಾಗವೂ ಇರುವುದಿಲ್ಲ. ತೀರಾ ನಿಧಾನವೂ ಒಳ್ಳೆಯದಲ್ಲ. ಇಂದಿನ ಬಹಳಷ್ಟು ಶೋಧಕಗಳು ನಿಧಾನವಾಗಿ ಬದಲಾಗುವ ಸಂಕೇತವನ್ನು ನೆಲದ್ದೆಂದು ತಿಳಿದು ತಳ್ಳಿಹಾಕುತ್ತವೆ. ಸುರುಳಿ ನಿಂತರೆ ನಾಣ್ಯವೂ ನೆಲದೊಂದಿಗೆ ಕಳೆದುಹೋಗುತ್ತದೆ.

ಪ್ರತಿ ಬೀಸೂ ಹಿಂದಿನದರ ಅರ್ಧದಷ್ಟನ್ನು ಮತ್ತೆ ತುಳಿಯಬೇಕು. ಏಕೆಂದರೆ ಸುರುಳಿಯ ನೋಟ ಆಳಕ್ಕೆ ಹೋದಂತೆ ಕಿರಿದಾಗುತ್ತದೆ. ಹಾಗೆ ಮಾಡಿದರೆ 10 ಮೀಟರ್ ಉದ್ದಕ್ಕೆ 28 ಸೆಂ.ಮೀ. ಸುರುಳಿಯಿಂದ ಸುಮಾರು 71 ಬೀಸು, 14 ಸೆಂ.ಮೀ. ಸುರುಳಿಯಿಂದ ಸುಮಾರು 143 ಬೀಸು ಬೇಕು. ಬೀಸಿನ ಕೊನೆಯಲ್ಲಿ ಸುರುಳಿಯನ್ನು ಮೇಲೆತ್ತಿದರೆ ಎರಡು ಅಂಚುಗಳಲ್ಲೂ ಆಳ ನಷ್ಟ.

ಸಮುದ್ರ ತೀರದಲ್ಲಿ ಇನ್ನೊಂದು ಎದುರಾಳಿಯಿದೆ: ಉಪ್ಪು. ಉಪ್ಪುನೀರು ವಿದ್ಯುತ್ ವಾಹಕ. ಒದ್ದೆ ಮರಳಿನಲ್ಲೂ ಸುಳಿ ಪ್ರವಾಹ ಹುಟ್ಟುತ್ತದೆ, ಶೋಧಕ ಲೋಹವಿಲ್ಲದೆಯೂ ಕೂಗುತ್ತದೆ. ಸುರುಳಿ ದೊಡ್ಡದಾದಷ್ಟೂ ಈ ಗದ್ದಲ ಹೆಚ್ಚು. 1960ರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪುರಾತತ್ವದ ಕೆಲಸಕ್ಕಾಗಿ ಬೆಳೆಸಿದ ಮಿಡಿತ ಪ್ರೇರಣೆಯ ವಿಧಾನ ಇದಕ್ಕೆ ಒಂದು ಉಪಾಯ ಒದಗಿಸಿತು. ಒಂದು ವಿದ್ಯುತ್ ಮಿಡಿತ ಕಳಿಸಿ ಅದನ್ನು ಥಟ್ಟನೆ ನಿಲ್ಲಿಸಿ, ಸೆಕೆಂಡಿನ ಹತ್ತು ಲಕ್ಷದಲ್ಲೊಂದರಂಥ ಕೆಲವು ಭಾಗಗಳಷ್ಟು ಕಾಲ ಕಾದು, ಆಮೇಲೆ ಕಿವಿಗೊಡುವುದು. ಉಪ್ಪುನೀರಿನ ಸುಳಿಗಳು ಅಷ್ಟರಲ್ಲಿ ಅಡಗಿರುತ್ತವೆ, ನಾಣ್ಯದ ಸುಳಿಗಳು ಉಳಿದಿರುತ್ತವೆ. ಆದರೆ ತೆಳುವಾದ ಚಿನ್ನದ ಸರದ ಸುಳಿಗಳೂ ಬೇಗ ಅಡಗುತ್ತವೆ. ಹೆಚ್ಚು ಕಾದರೆ ಉಪ್ಪಿನೊಂದಿಗೆ ಚಿನ್ನವೂ ಹೋಯಿತು. ಇಲ್ಲೂ ಮೌನ ಎಂದರೆ ಇಲ್ಲ ಎಂದಲ್ಲ.

ಇದನ್ನು ಚರಿತ್ರಕಾರರು ಹೇಗೆ ಬಳಸಿಕೊಂಡರು ಎಂಬುದಕ್ಕೆ ತೀರದಿಂದ ದೂರದ ಒಂದು ಉದಾಹರಣೆ ಸಾಕು. ಅಮೆರಿಕದ ಲಿಟಲ್ ಬಿಗ್‌ಹಾರ್ನ್‌ನಲ್ಲಿ 1876ರ ಜೂನ್‌ನಲ್ಲಿ ಕಸ್ಟರನ ಸೈನ್ಯವನ್ನು ಅಲ್ಲಿನ ಮೂಲನಿವಾಸಿಗಳು ಸೋಲಿಸಿದ್ದರು. 1983ರಲ್ಲಿ ಬೆಂಕಿ ಬಿದ್ದು ಹುಲ್ಲು ಸುಟ್ಟು ನೆಲ ಬಯಲಾಯಿತು. 1984ರಲ್ಲಿ ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಅವರ ತಂಡ ಶೋಧಕಗಳನ್ನು ಹಿಡಿದು ಸಾಲಾಗಿ ನಡೆಯಿತು. ಸದ್ದು ಬಂದಲ್ಲೆಲ್ಲ ಒಂದು ಪುಟ್ಟ ಬಾವುಟ. ಯಾವ ತೋಟೆ ಎಲ್ಲಿ ಬಿದ್ದಿದೆ ಎಂದು ನಕ್ಷೆಯಲ್ಲಿ ಗುರುತಿಸಿ, ಒಂದೊಂದು ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನೂ ಅವರು ಓದಿದರು. ಆ ತೋಟೆಗಳನ್ನು ಯಾರಾದರೂ ಮೊದಲೇ ಆರಿಸಿ ಜೇಬಿಗೆ ಹಾಕಿಕೊಂಡಿದ್ದರೆ ಈ ಓದು ಸಾಧ್ಯವಿರಲಿಲ್ಲ.

ನಮ್ಮಲ್ಲಿ 1878ರಲ್ಲೇ ನಿಧಿ ಕಾಯ್ದೆ ಬಂದಿದೆ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಎಂಬುದು ಅದರ ಸಾರ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಕಾನೂನಿನ ಭಯಕ್ಕಿಂತ ಅದರ ಹಿಂದಿನ ಕಾರಣವನ್ನು ನೀವು ಗ್ರಹಿಸಬೇಕು. ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬುದು ಒಮ್ಮೆ ಕಳೆದರೆ ಯಾವ ಸುರುಳಿಯೂ ಅದನ್ನು ಮರಳಿ ಹುಡುಕಿಕೊಡಲಾರದು.

ಇನ್ನು ಮುಂದೆ ಯಾವುದೇ ಶೋಧದ ಬಗ್ಗೆ 'ಹುಡುಕಿದೆವು, ಏನೂ ಸಿಗಲಿಲ್ಲ' ಎಂಬ ವರದಿಯನ್ನು ಓದಿದಾಗ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ದೊಡ್ಡ ಸುರುಳಿ? ಎಷ್ಟು ವೇಗದ ಬೀಸು? ಎಲ್ಲೆಲ್ಲಿ ನಡೆದರು? ಎಲ್ಲಿಗೆ ಹೋಗಲೇ ಇಲ್ಲ? ಗಾರ್ಫೀಲ್ಡ್ ಅವರ ಹಾಸಿಗೆಯ ಪಕ್ಕದಲ್ಲಿ ಕೊನೆಯ ಪ್ರಶ್ನೆಗೆ ಗಮನ ಸಿಗಲಿಲ್ಲ.