ಏತದ ಕಲ್ಲು, ಅಣೆಯ ಬಾಗಿಲು

ಪುಣೆಯ ಶಿವಾಜಿನಗರದಲ್ಲಿ, ಮುಳಾ ಮತ್ತು ಮುಠಾ ನದಿಗಳು ಕೂಡುವ ಸಂಗಮಕ್ಕೆ ಸಮೀಪದಲ್ಲಿ, ಇಂಜಿನಿಯರಿಂಗ್ ಕಾಲೇಜಿನ ಹಳೆಯ ಕಲ್ಲುಕಟ್ಟಡವಿದೆ. 1854ರಲ್ಲಿ ಸಣ್ಣ ತರಗತಿಯಾಗಿ ಆರಂಭವಾದ ಈ ಸಂಸ್ಥೆ 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಶಿವಾಜಿನಗರಕ್ಕೆ ಇನ್ನೂ ಭಾಂಬುರ್ಡೆ ಎಂದೇ ಹೆಸರಿದ್ದ ದಿನಗಳಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದ ತರುಣನೊಬ್ಬ ಮೈಸೂರು ಸರಕಾರದ ವಿದ್ಯಾರ್ಥಿವೇತನದ ಬಲದಿಂದ ಇಲ್ಲಿಗೆ ಬಂದು ಸೇರಿದ. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತಕ್ಕೇ ಮೊದಲಿಗನಾಗಿ ತೇರ್ಗಡೆಯಾದ ಆ ತರುಣನೇ ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ವಿಶ್ವೇಶ್ವರಯ್ಯನವರ ಹೆಸರು ಬಂದೊಡನೆ ನಮ್ಮ ಮನಸ್ಸು ಕನ್ನಂಬಾಡಿಗೆ ಓಡುತ್ತದೆ. ಅದು ಸಹಜವೇ. ಆದರೆ ಅವರ ಹೆಸರನ್ನು ಇಂಜಿನಿಯರುಗಳ ಲೋಕದಲ್ಲಿ ಮೊದಲು ಎತ್ತಿ ಹಿಡಿದ ಯಂತ್ರವೊಂದು ಕಾವೇರಿಯಲ್ಲಲ್ಲ, ನಾವು ದಿನವೂ ಕುಡಿಯುವ ಮುಠಾ ನದಿಯ ನೀರಿನ ಮೇಲೆ ಕೆಲಸಕ್ಕೆ ತೊಡಗಿತೆಂಬುದು ಪುಣೆಯ ಕನ್ನಡಿಗರಲ್ಲೇ ಅನೇಕರಿಗೆ ತಿಳಿದಿರಲಿಕ್ಕಿಲ್ಲ.

ನಗರದ ನೈಋತ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದ ಖಡಕವಾಸಲೆಯಲ್ಲಿ 1870ರ ದಶಕದಲ್ಲಿ ಕಲ್ಲಿನ ಅಣೆ ಎದ್ದಿತು. ಅದರ ಜಲಾಶಯಕ್ಕೆ ಆಗ ಫೈಫ್ ಸರೋವರವೆಂದು ಹೆಸರು. ಮಳೆಗಾಲದಲ್ಲಿ ಸಹ್ಯಾದ್ರಿಯಿಂದ ಇಳಿದ ನೆರೆ ಕೋಡಿಯ ಮೇಲೆ ಆರೆಂಟು ಅಡಿ ಎತ್ತರಕ್ಕೆ ಹರಿದು ಹೋಗುತ್ತಿತ್ತು. ಬೇಸಿಗೆ ಬಂದರೆ ಊರಿಗೂ ಕಾಲುವೆಗೂ ನೀರಿನ ಎಳೆದಾಟ. ಹರಿದುಹೋಗುವ ಆ ನೀರನ್ನು ಹಿಡಿದಿಡುವುದು ಹೇಗೆ? ಅಣೆಯನ್ನೇ ಎತ್ತರಿಸುವುದು ಬಹಳ ಖರ್ಚಿನ ಕೆಲಸ. ಕೋಡಿಗೆ ಬಾಗಿಲುಗಳನ್ನು ಇಡಬಹುದು, ನಿಜ. ಆದರೆ ಶ್ರಾವಣದ ಜಡಿಮಳೆಯ ನಡುರಾತ್ರಿಯಲ್ಲಿ ಅವನ್ನು ತೆರೆಯುವವರಾರು? ಕಾವಲುಗಾರ ಒಂದು ಗಳಿಗೆ ತಡಮಾಡಿದರೆ ಅಣೆಗೇ ಅಪಾಯ. ಹೆದರಿ ಬೇಗ ತೆರೆದರೆ ಕೂಡಿಟ್ಟ ನೀರು ಪೋಲು. ಒಂದು ಪಟ್ಟಣದ ಬಾಳು ಒಬ್ಬ ಮನುಷ್ಯನ ನಿದ್ದೆಯ ಮೇಲೆ ನಿಲ್ಲಬೇಕಾಗುತ್ತಿತ್ತು.

ಇದಕ್ಕೆ ದೊರೆತ ಉತ್ತರವನ್ನು ತಿಳಿಯಲು ನಮ್ಮ ಊರುಗಳ ಹಳೆಯ ಬಾವಿಗಳ ಕಡೆಗೆ ಒಮ್ಮೆ ಹೋಗಿ ಬರಬೇಕು.

ಏತವನ್ನು ನೋಡಿದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ನೆಟ್ಟ ಕಂಬದ ಮೇಲೆ ಅಡ್ಡಲಾಗಿ ತೂಗಾಡುವ ಉದ್ದನೆಯ ಮರ. ಅದರ ಉದ್ದ ತುದಿಗೆ ನೀರಿನ ಕೊಡ, ಗಿಡ್ಡ ತುದಿಗೆ ಕಟ್ಟಿದ ಕಲ್ಲು. ಕಂಬದಿಂದ ಕೊಡದ ತುದಿ 12 ಅಡಿ, ಕಲ್ಲಿನ ತುದಿ 4 ಅಡಿ ಎಂದು ಇಟ್ಟುಕೊಳ್ಳೋಣ. ಮರದ ಭಾರವನ್ನು ಬದಿಗಿಟ್ಟರೆ, 20 ಕಿಲೋ ತೂಗುವ ತುಂಬಿದ ಕೊಡವನ್ನು 60 ಕಿಲೋ ಕಲ್ಲು ಸಮತೂಕದಲ್ಲಿ ಹಿಡಿಯುತ್ತದೆ. ಹೀಗಿರುವಾಗ ಒಂದು ಬೆರಳಿನ ಒತ್ತಡಕ್ಕೂ ಮರ ಆ ಕಡೆಗೋ ಈ ಕಡೆಗೋ ವಾಲುತ್ತದೆ. ಆದರೆ ಪುಕ್ಕಟೆ ಏನೂ ಇಲ್ಲ: ಕೊಡ ಮೂರು ಅಡಿ ಏರಿದರೆ ಕಲ್ಲು ಇಳಿಯುವುದು ಒಂದೇ ಅಡಿ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕಳೆಯಬೇಕು. ಸನ್ನೆಗೋಲಿನಿಂದ ಹಿಡಿದು ಕಾರ್ಖಾನೆಯ ಯಾರಿಯವರೆಗೆ ಎಲ್ಲ ಯಂತ್ರಗಳೂ ಈ ಲೆಕ್ಕಕ್ಕೆ ಬದ್ಧ. ಯಂತ್ರ ಬಲವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ.

ಇನ್ನು ಕಪಿಲೆ, ಇಲ್ಲಿಯವರು ಅದನ್ನೇ ಮೋಟ್ ಎನ್ನುತ್ತಾರೆ. ಎತ್ತುಗಳು ಇಳಿಜಾರಿನಲ್ಲಿ ನಡೆದರೆ ತೊಗಲಿನ ಚೀಲ ಬಾವಿಯಿಂದ ಮೇಲೇರುತ್ತದೆ. ನಡುವೆ ಇರುವ ರಾಟೆ ಭಾರವನ್ನು ಕಡಿಮೆ ಮಾಡುವುದಿಲ್ಲ. ಎಳೆತದ ದಿಕ್ಕನ್ನು ಮಾತ್ರ ತಿರುಗಿಸುತ್ತದೆ. ಕೆಳಕ್ಕೆ ಹೋಗುವ ಚಲನೆ ರಾಟೆಯ ಆಚೆ ಮೇಲಕ್ಕೆ ಬರುವ ಚಲನೆಯಾಗುತ್ತದೆ.

ಮೂರನೆಯದು ನಮ್ಮ ತಾಯಂದಿರಿಗೆ ಯಾರೂ ಕಲಿಸದೆಯೇ ಗೊತ್ತಿದ್ದ ಸಂಗತಿ. ಬಾವಿಗೆ ಬಿಟ್ಟ ಕೊಡ ನೀರಿನೊಳಗೆ ಇರುವ ತನಕ ಹಗುರ, ನೀರು ಬಿಟ್ಟು ಮೇಲೆದ್ದೊಡನೆ ಕೈ ಜಗ್ಗುತ್ತದೆ. ಮುಳುಗಿದ ವಸ್ತು ತಾನು ಸರಿಸಿದ ನೀರಿನ ತೂಕದಷ್ಟು ಹಗುರಾಗುತ್ತದೆ. ಎರಕದ ಕಬ್ಬಿಣದ ಗುಂಡು ಹೀಗೆ ತನ್ನ ತೂಕದ ಏಳರಲ್ಲಿ ಒಂದು ಪಾಲನ್ನು ಕಳೆದುಕೊಂಡರೆ, ಕಗ್ಗಲ್ಲು ಮೂರರಲ್ಲಿ ಒಂದಕ್ಕಿಂತಲೂ ಹೆಚ್ಚನ್ನು ಕಳೆದುಕೊಳ್ಳುತ್ತದೆ.

ಈ ಮೂರನ್ನೂ ಈಗ ಒಟ್ಟಿಗೆ ಜೋಡಿಸಿ ನೋಡಿ. ತಾನಾಗಿ ತೆರೆಯುವ ಬಾಗಿಲುಗಳ ತತ್ತ್ವ ಅಷ್ಟೇ. ಬಾಗಿಲಿಗೆ ಸರಪಳಿ, ಸರಪಳಿಗೆ ರಾಟೆ, ರಾಟೆಯ ಆಚೆ ತೊಟ್ಟಿಯೊಂದರಲ್ಲಿ ತೂಗುವ ಎದುರುತೂಕ. ಏತದ ಕಲ್ಲೇ ಇಲ್ಲಿ ಬೇರೆ ರೂಪದಲ್ಲಿದೆ. ಜಲಾಶಯ ಗೊತ್ತುಪಡಿಸಿದ ಮಟ್ಟ ಮೀರಿದೊಡನೆ ನೀರು ತೊಟ್ಟಿಗೆ ನುಗ್ಗುತ್ತದೆ, ಎದುರುತೂಕ ಹಗುರಾಗುತ್ತದೆ, ಸಮತೋಲ ತಪ್ಪಿ ಬಾಗಿಲು ಸರಿಯುತ್ತದೆ. ನೆರೆ ಇಳಿದು ತೊಟ್ಟಿ ಬರಿದಾದಾಗ ತೂಕ ಮರಳಿ ಬಂದು ಬಾಗಿಲು ಮುಚ್ಚುತ್ತದೆ. ಕಾವಲುಗಾರ ಬೇಡ, ಉಗಿಯಂತ್ರ ಬೇಡ. ಅಪಾಯ ತರುವ ನೀರೇ ಬಾಗಿಲು ತೆರೆಯುವ ಆಳು.

ಹೇಳುವಾಗ ಸುಲಭವೆನಿಸಿದರೂ ಮಾಡಿ ತೋರಿಸುವುದು ಹಾಗಲ್ಲ. ಎಂಟು ಅಡಿ ಆಳದ ನೀರು ಬಾಗಿಲಿನ ಒಂದೊಂದು ಅಡಿ ಅಗಲವನ್ನೂ ಸುಮಾರು 900 ಕಿಲೋ ಬಲದಿಂದ ಒತ್ತುತ್ತದೆ. ಆ ಒತ್ತಡದಲ್ಲಿ ಬಾಗಿಲು ತನ್ನ ಚೌಕಟ್ಟಿಗೆ ಕಚ್ಚಿ ನಿಲ್ಲದಂತೆ ತಿಕ್ಕಾಟವನ್ನು ತಗ್ಗಿಸಬೇಕು, ಸಮತೂಕವನ್ನು ನಿಖರವಾಗಿ ಲೆಕ್ಕಹಾಕಬೇಕು. ಎದುರುತೂಕದ ಕಲ್ಪನೆ ವಿಶ್ವೇಶ್ವರಯ್ಯನವರಿಗಿಂತ ಹಳೆಯದು. ಅದನ್ನು ನಂಬಬಹುದಾದ ಯಂತ್ರವಾಗಿಸಿ, ಪೇಟೆಂಟ್ ಪಡೆದು, 1903ರಲ್ಲಿ ಖಡಕವಾಸಲೆಯಲ್ಲಿ ನಿಲ್ಲಿಸಿದ್ದು ಅವರ ಸಾಧನೆ. ಅಣೆಯನ್ನು ಎತ್ತರಿಸದೆಯೇ ಕೋಡಿಯ ಮೇಲೆ ಸುಮಾರು ಎಂಟು ಅಡಿ ನೀರು ನಿಂತಿತು; ಸಂಗ್ರಹ ಕಾಲುಭಾಗದಷ್ಟು ಹೆಚ್ಚಿತು. ಮುಂದೆ ಗ್ವಾಲಿಯರದ ತಿಗ್ರಾ ಅಣೆಗೂ, ಕೊನೆಗೆ ನಮ್ಮ ಕೃಷ್ಣರಾಜಸಾಗರಕ್ಕೂ ಈ ವಿದ್ಯೆ ಹೋಯಿತು. ಕನ್ನಂಬಾಡಿಯ ಬಾಗಿಲುಗಳು ಪುಣೆಯಲ್ಲಿ ಪಾಠ ಕಲಿತವು ಎಂದರೆ ಉತ್ಪ್ರೇಕ್ಷೆಯಾಗದು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1961ರ ಜುಲೈ 12ರ ಬೆಳಿಗ್ಗೆ, ಖಡಕವಾಸಲೆಯ ಮೇಲ್ಭಾಗದಲ್ಲಿ ಕಟ್ಟುತ್ತಿದ್ದ ಪಾನಶೇತ ಅಣೆ ಒಡೆಯಿತು. ಆ ನೀರೆಲ್ಲ ಒಮ್ಮೆಲೇ ಬಂದು ಎರಗಲು ಖಡಕವಾಸಲೆಯ ಅಣೆಯೂ ಅದೇ ದಿನ ಒಡೆದು, ನದಿಯಂಚಿನ ಪೇಟೆಗಳು, ಡೆಕ್ಕನ್ ಜಿಮಖಾನಾ, ಶಿವಾಜಿನಗರದ ತಗ್ಗು ಭಾಗಗಳು ಮುಳುಗಿದವು. ಜಲಾಶಯ ಬರಿದಾಗಿ, ಹೊಳೆ ಮನೆಗೆ ನುಗ್ಗಿದ ಊರಿನಲ್ಲೇ ಕುಡಿಯುವ ನೀರಿಗೆ ಬರ ಬಂತು. ನೂರರ ಆಸುಪಾಸಿನ ವಿಶ್ವೇಶ್ವರಯ್ಯನವರು ಆಗ ಬೆಂಗಳೂರಿನಲ್ಲಿದ್ದರು. ಮುಂದಿನ ಏಪ್ರಿಲ್‌ನಲ್ಲಿ ತೀರಿಕೊಂಡರು.

ಇದರಿಂದ ಯಂತ್ರ ಸೋತಿತೆಂದು ತಿಳಿಯಬಾರದು. ಏತದ ಕಲ್ಲನ್ನು ಕಟ್ಟುವಾಗ ಕೊಡದ ತೂಕವನ್ನು ನೋಡಿ ಕಟ್ಟುತ್ತಾರೆ. ಕೊಡದ ಬದಲು ಕೊಪ್ಪರಿಗೆ ಕಟ್ಟಿದರೆ ಏತವನ್ನು ದೂರುವಂತಿಲ್ಲ. ಮಳೆಯ ನೆರೆಗೆಂದು ಅಳೆದ ದಾರಿಯಲ್ಲಿ ಒಡೆದ ಅಣೆಯ ನೀರು ಹಿಡಿಸದು. ಯಂತ್ರ ರಾತ್ರಿಯ ಕಾವಲನ್ನು ಮನುಷ್ಯನಿಂದ ವಹಿಸಿಕೊಳ್ಳಬಹುದು. ಎಷ್ಟು ಭಾರ ಬರಬಹುದೆಂದು ಮೊದಲೇ ಎಣಿಸುವ ಹೊಣೆಯನ್ನಲ್ಲ. ಮೇಲಿನ ಅಣೆಯನ್ನು ಕಟ್ಟುವವನ ಎಚ್ಚರವೇ ಕೆಳಗಿನ ಅಣೆಯ ಭದ್ರತೆ.

ಇಂದು ಖಡಕವಾಸಲೆಗೆ ಹೋದವರಿಗೆ ಕಾಣುವುದು ಕಮಾನಿನಂತೆ ಬಾಗಿ, ತೋಳುಗಳ ಮೇಲೆ ತಿರುಗುವ ಬಾಗಿಲುಗಳು. ನೀರಿನ ಒತ್ತಡವೆಲ್ಲ ತೋಳುಗಳ ಮೂಲಕ ತಿರುಗಣಿಗೆ ಸಾಗುವುದರಿಂದ ಅವನ್ನು ಎತ್ತುವುದು ಸುಲಭ. ರೂಪ ಬೇರೆ, ಲೆಕ್ಕ ಅದೇ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಏತವನ್ನಾಗಲಿ ಕಪಿಲೆಯನ್ನಾಗಲಿ ಕಂಡಿರಲಾರರು. ಸನ್ನೆ, ರಾಟೆಗಳ ಪಾಠ ಅವರಿಗೆ ಶಾಲೆಯಲ್ಲಿ ಬಂದಾಗ ಅಜ್ಜನ ತೋಟದ ಏತವನ್ನೂ ಮುಠಾ ನದಿಯ ಬಾಗಿಲುಗಳನ್ನೂ ಜೊತೆಯಾಗಿ ಹೇಳಿಕೊಡಬೇಕು. ಎರಡೂ ಅವರವೇ.