ಕಾರ್ಬನ್ ನ್ಯಾನೊನಾಳಗಳಿಗೆ ಪಾಲಿಮರ್ ಕಸಿ

ಕಾರ್ಬನ್ ನ್ಯಾನೊನಾಳಗಳ ಹೊರಮೈಗೆ ಪಾಲಿಮರ್‌ಗಳ ದೀರ್ಘ ಸರಪಳಿಗಳನ್ನು ರಾಸಾಯನಿಕವಾಗಿ ಬಂಧಿಸಿ, ಅವು ದ್ರಾವಕಗಳಲ್ಲಿಯೂ ಅನ್ಯ ಪದಾರ್ಥಗಳಲ್ಲಿಯೂ ಸಮನಾಗಿ ಹರಡಿಕೊಳ್ಳುವಂತೆ ಮಾಡುವ ವಿಧಾನ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದಂದಿನಿಂದ ವಿದ್ವಾಂಸರ ಗಮನವನ್ನು ಸೆಳೆದಿರುವ ಈ ನಾಳಗಳು ಗ್ರ್ಯಾಫೈಟಿನ ಪದರವನ್ನು ಸುರುಳಿ ಸುತ್ತಿದಂತಹ ರಚನೆಯುಳ್ಳವು. ಏಕಭಿತ್ತಿಯ ನಾಳದ ವ್ಯಾಸ ಸುಮಾರು 1 ನ್ಯಾನೊಮೀಟರ್, ಅದರ ಯಂಗ್ ಗುಣಾಂಕವಾದರೋ ಉಕ್ಕಿನದರ ಸುಮಾರು ಐದು ಮಡಿ.

ಇಂತಹ ವಸ್ತುವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿದೊಡನೆ ಪ್ಲಾಸ್ಟಿಕ್ಕೂ ಬಲಗೊಳ್ಳಬೇಕೆಂಬ ನಿರೀಕ್ಷೆ ಸಹಜವಾದುದಾದರೂ ಪ್ರಯೋಗಗಳು ಅದನ್ನು ಅಷ್ಟು ಸುಲಭವಾಗಿ ಈಡೇರಿಸಲಿಲ್ಲ. ವಾನ್ ಡರ್ ವಾಲ್ಸ್ ಆಕರ್ಷಣೆಯಿಂದ ನಾಳಗಳು ಪರಸ್ಪರ ಅಂಟಿಕೊಂಡು ಕಟ್ಟುಕಟ್ಟಾಗಿ ಉಳಿಯುತ್ತವೆ. ಅವುಗಳ ನಯವಾದ ಭಿತ್ತಿಯ ಮೇಲೆ ಸುತ್ತಲಿನ ಪದಾರ್ಥಕ್ಕೆ ಹಿಡಿತ ದೊರೆಯದೆ, ಎಳೆದಾಗ ನಾಳ ಜಾರುವುದೇ ಹೊರತು ಭಾರ ಹೊರುವುದಿಲ್ಲ.

ಭಿತ್ತಿಯನ್ನು ಕಸಿಗೆ ಅಣಿಗೊಳಿಸಲು ನಾಳಗಳನ್ನು ಸಾಂದ್ರ ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣದಲ್ಲಿ ಸಂಸ್ಕರಿಸುವುದು ರೂಢಿ. ಆಗ ತುದಿಗಳಲ್ಲಿಯೂ ಭಿತ್ತಿಯ ದೋಷಸ್ಥಾನಗಳಲ್ಲಿಯೂ ಕಾರ್ಬಾಕ್ಸಿಲ್ ಗುಂಪುಗಳು ಮೂಡುತ್ತವೆ. ಸಿದ್ಧವಾದ ಸರಪಳಿಯ ತುದಿಯನ್ನು ಈ ಗುಂಪಿಗೆ ಎಸ್ಟರ್ ಅಥವಾ ಅಮೈಡ್ ಬಂಧದಿಂದ ಜೋಡಿಸುವುದು ಸರಳವಾದ ಮಾರ್ಗ. ಆದರೆ ಮೊದಲು ಬಂದು ನೆಲೆಸಿದ ಸರಪಳಿಗಳೇ ಬಳಿಕ ಬರುವವುಗಳಿಗೆ ಅಡ್ಡಿಯಾಗುವುದರಿಂದ ಹೊದಿಕೆ ವಿರಳವಾಗಿಯೇ ಉಳಿಯುತ್ತದೆ. ಭಿತ್ತಿಯಲ್ಲಿ ಪ್ರಾರಂಭಕ ಅಣುವನ್ನು ನೆಟ್ಟು, ಸ್ಟೈರೀನ್ ಅಥವಾ ಮೀಥೈಲ್ ಮೆಥಾಕ್ರಿಲೇಟಿನಂತಹ ಮಾನೊಮರ್‌ಗಳು ಒಂದೊಂದಾಗಿ ಸೇರಿ ಅಲ್ಲಿಂದಲೇ ಸರಪಳಿ ಬೆಳೆಯುವಂತೆ ಮಾಡುವ ಎರಡನೆಯ ಮಾರ್ಗದಲ್ಲಿ ಹೊದಿಕೆ ದಟ್ಟವಾಗುತ್ತದೆ. 1995ರಲ್ಲಿ ಪ್ರಕಟವಾದ, ಪರಮಾಣು ವರ್ಗಾವಣೆಯನ್ನು ಅವಲಂಬಿಸಿದ ಪಾಲಿಮರೀಕರಣ ಕ್ರಮವನ್ನು ಇಲ್ಲಿ ಅನುಸರಿಸಿದರೆ, ಮಾನೊಮರಿನ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿ ಹೊದಿಕೆಯ ದಪ್ಪವನ್ನೂ ನಿಯಂತ್ರಿಸಬಹುದು. ಶ್ರಮ ಹೆಚ್ಚಾದರೂ ಫಲದ ದೃಷ್ಟಿಯಿಂದ ಈ ಮಾರ್ಗವೇ ಮೇಲೆನ್ನಬೇಕು.

ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಅಲ್ಪವಲ್ಲ. ಭಿತ್ತಿಯ ಮೇಲೆ ಏರ್ಪಡುವ ಪ್ರತಿಯೊಂದು ಸಹವೇಲೆನ್ಸೀಯ ಬಂಧವೂ ಅಲ್ಲಿನ ಇಂಗಾಲದ ಪರಮಾಣುವನ್ನು ಎಲೆಕ್ಟ್ರಾನುಗಳ ಸಮಾನ ಸಂಚಾರಪಥದಿಂದ ಹೊರಗಿಡುವ ಕಾರಣ ವಿದ್ಯುದ್ವಾಹಕತೆ ಕುಗ್ಗುತ್ತದೆ. ಆಮ್ಲದ ಕ್ರಿಯೆ ಅತಿಯಾದರೆ ನಾಳಗಳು ತುಂಡಾಗುವುದೂ ಉಂಟು. ಈ ಹಾನಿಯನ್ನು ತಪ್ಪಿಸಲೆಂದು ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದ ರಿಚರ್ಡ್ ಸ್ಮಾಲಿ ಮತ್ತು ಸಂಗಡಿಗರು 2001ರಲ್ಲಿ ಪಾಲಿವಿನೈಲ್ ಪಿರೊಲಿಡೋನಿನಂತಹ ಪಾಲಿಮರ್‌ಗಳನ್ನು ಬಂಧವಿಲ್ಲದೆಯೇ ನಾಳದ ಸುತ್ತ ಹೆಣೆದು, ನಾಳಗಳನ್ನು ನೀರಿನಲ್ಲಿ ಕರಗಿಸಿದರು. ದ್ರಾವಕವನ್ನು ಬದಲಿಸಿದರೆ ಆ ಹೆಣಿಗೆ ಕಳಚಿಕೊಳ್ಳುತ್ತಿತ್ತು. ವಾಹಕತೆಯನ್ನು ಬಯಸುವ ಲೇಪಗಳಿಗೆ ಇದು ಒಪ್ಪುವುದಾದರೂ, ಭಾರ ಹೊರುವ ಭಾಗಗಳಿಗೆ ಬೇಕಾದ ದೃಢವಾದ ಹಿಡಿತ ಇದರಿಂದ ಲಭಿಸದು. ಬಹುಭಿತ್ತಿಯ ನಾಳಗಳಲ್ಲಿ ಮಾತ್ರ ಈ ಇಕ್ಕಟ್ಟು ಒಂದಿಷ್ಟು ಸಡಿಲಗೊಳ್ಳುತ್ತದೆ: ಅಲ್ಲಿ ಕಸಿಯ ಹಾನಿ ಬಹುಮಟ್ಟಿಗೆ ಹೊರಭಿತ್ತಿಗಷ್ಟೇ ತಗುಲಿ, ಒಳಭಿತ್ತಿಗಳು ಅಕ್ಷತವಾಗಿ ಉಳಿಯುತ್ತವೆ.